ವಿಮಾನದ ಆಸನಕ್ಕೆ ವಿದ್ಯುತ್ತು ಬಂದ ಬಗೆ: ಒಂದು ಚಾರಿತ್ರಿಕ ಅವಲೋಕನ

ವಿಮಾನಯಾನದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ರೆಕ್ಕೆ, ಎಂಜಿನ್ ಹಾಗೂ ಚಾಲಕರ ಸಾಹಸಗಳ ಕಡೆಗೆ ಗಮನ ಹರಿಸಿದ್ದಾರೆ. ಪ್ರಯಾಣಿಕನು ಕುಳಿತುಕೊಳ್ಳುವ ಆಸನಕ್ಕೆ ಈ ಚರಿತ್ರೆಯಲ್ಲಿ ಪೀಠೋಪಕರಣದ ಸ್ಥಾನವಷ್ಟೇ ದೊರೆತಿದೆ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ನಾಲ್ಕು ದಶಕಗಳಲ್ಲಿ ಈ ಆಸನವು ಸದ್ದಿಲ್ಲದೆ ಒಂದು ವಿದ್ಯುತ್ ಉಪಕರಣವಾಗಿ ಮಾರ್ಪಟ್ಟಿತು. ಆಸನ ಬದಲಾಯಿತಾದರೂ ಅದನ್ನು ಪೀಠೋಪಕರಣವೆಂದೇ ಪರಿಗಣಿಸುವ ರೂಢಿ ಬದಲಾಗಲಿಲ್ಲ. ಅದರ ತಂತಿಗಳನ್ನು ವಿಮಾನದ ವಿದ್ಯುತ್ ವ್ಯವಸ್ಥೆಯ ಅಂಗವೆಂದು ಕಾಣುವ ದೃಷ್ಟಿ ಮೂಡಬೇಕಾದರೆ 1998ರ ಒಂದು ದುರಂತ ಸಂಭವಿಸಬೇಕಾಯಿತು. ಈ ಪ್ರಬಂಧದ ವಸ್ತು ಆ ದೃಷ್ಟಿಬದಲಾವಣೆಯ ಚರಿತ್ರೆ.

ಆಕಾಶದಲ್ಲಿ ಮನರಂಜನೆ ಒದಗಿಸಬೇಕೆಂಬ ಹಂಬಲ ವಾಣಿಜ್ಯ ವಿಮಾನಯಾನದಷ್ಟೇ ಹಳೆಯದು. 1921ರಲ್ಲಿ ಷಿಕಾಗೋ ನಗರದ ಮೇಲೆ ಹಾರುತ್ತಿದ್ದ ಏರೋಮರೀನ್ ಸಂಸ್ಥೆಯ ವಿಮಾನವೊಂದರಲ್ಲಿ ಚಲನಚಿತ್ರ ತೋರಿಸಲಾಯಿತು. 1925ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ‘ದಿ ಲಾಸ್ಟ್ ವರ್ಲ್ಡ್’ ಚಿತ್ರವನ್ನು ವಿಮಾನದೊಳಗೆ ಪ್ರದರ್ಶಿಸಿತು. ಇವೆಲ್ಲ ಪ್ರಚಾರದ ಪ್ರಯೋಗಗಳು; ಆಸನಕ್ಕೂ ವಿದ್ಯುತ್ತಿಗೂ ಇನ್ನೂ ನಂಟು ಬೆಳೆದಿರಲಿಲ್ಲ. 1961ರ ಜುಲೈ ತಿಂಗಳಲ್ಲಿ ಅಮೆರಿಕದ ಟಿ.ಡಬ್ಲ್ಯೂ.ಎ. ಸಂಸ್ಥೆ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಡುವಿನ ಬೋಯಿಂಗ್ 707 ವಿಮಾನದ ಪ್ರಥಮ ದರ್ಜೆಯಲ್ಲಿ ನಿಯತವಾಗಿ ಚಲನಚಿತ್ರ ತೋರಿಸಲು ಆರಂಭಿಸಿದಾಗ, ಪ್ರತಿ ಆಸನಕ್ಕೂ ಧ್ವನಿಯನ್ನು ಮುಟ್ಟಿಸುವ ಪ್ರಶ್ನೆ ಎದುರಾಯಿತು.

1963ರಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವು ಸ್ವಾರಸ್ಯಕರವಾದುದು. ಆಸನದ ಕೈಯೊರಗಿನೊಳಗೆ ಸಣ್ಣ ಧ್ವನಿವರ್ಧಕವನ್ನು ಹುದುಗಿಸಿ, ಅದರ ನಾದವನ್ನು ಟೊಳ್ಳು ನಳಿಕೆಗಳ ಮೂಲಕ ಪ್ರಯಾಣಿಕನ ಕಿವಿಗೆ ಹಾಯಿಸಲಾಯಿತು. ವೈದ್ಯರ ಸ್ಟೆತೊಸ್ಕೋಪನ್ನೇ ಹೋಲುವ ಈ ಸಾಧನದಲ್ಲಿ ವಿದ್ಯುತ್ತು ಕೈಯೊರಗಿನಲ್ಲೇ ನಿಂತುಬಿಡುತ್ತಿತ್ತು. ಕಿವಿಯವರೆಗೆ ಹೋಗುತ್ತಿದ್ದುದು ಕೇವಲ ಗಾಳಿ. ಅದು ಅಗ್ಗವಾಗಿತ್ತು. ಮನೆಗೆ ಕೊಂಡೊಯ್ದರೆ ಯಾವ ಪ್ರಯೋಜನಕ್ಕೂ ಬಾರದ್ದರಿಂದ ಕಳವಾಗುವ ಭಯವೂ ಇರಲಿಲ್ಲ. ಸುಮಾರು 1979ರವರೆಗೂ ಈ ನಳಿಕೆಗಳೇ ವಿಮಾನಗಳಲ್ಲಿ ಬಳಕೆಯಲ್ಲಿದ್ದವು. ಓದುವ ದೀಪ ಮತ್ತು ಗಗನಸಖಿಯನ್ನು ಕರೆಯುವ ಗುಂಡಿ, ಇವೆರಡನ್ನು ಬಿಟ್ಟರೆ ಆಸನದ ವಿದ್ಯುತ್ ಅಗತ್ಯ ಬೇರೇನೂ ಇರಲಿಲ್ಲ. ಆ ದೀಪವೂ ತಲೆಯ ಮೇಲಿನ ಫಲಕದಲ್ಲಿರುತ್ತಿತ್ತೇ ಹೊರತು ಆಸನದಲ್ಲಲ್ಲ.

1970ರ ಜನವರಿ 22ರಂದು ಪ್ಯಾನ್ ಅಮೆರಿಕನ್ ಸಂಸ್ಥೆ ಬೋಯಿಂಗ್ 747 ವಿಮಾನವನ್ನು ಸೇವೆಗಿಳಿಸಿದಾಗ ಸಮಸ್ಯೆಯ ಪ್ರಮಾಣವೇ ಬದಲಾಯಿತು. ಮುನ್ನೂರಕ್ಕೂ ಮೀರಿದ ಆಸನಗಳಿಗೆ ಹಲವು ಧ್ವನಿವಾಹಿನಿಗಳನ್ನೂ ಕರೆಗುಂಡಿ, ದೀಪಗಳ ಸಂಕೇತಗಳನ್ನೂ ಒಂದೊಂದಕ್ಕೆ ಒಂದೊಂದು ತಂತಿಯಂತೆ ಎಳೆದಿದ್ದರೆ ತಾಮ್ರದ ಭಾರವನ್ನೇ ವಿಮಾನ ಹೊರಬೇಕಾಗುತ್ತಿತ್ತು. ಆದಕಾರಣ ಹಲವು ಸಂಕೇತಗಳನ್ನು ಕಾಲದ ಸಣ್ಣ ಸಣ್ಣ ತುಣುಕುಗಳಾಗಿ ಹಂಚಿ ಒಂದೇ ತಂತಿಯಲ್ಲಿ ಕಳುಹಿಸುವ ಬಹುಸಂಕೇತ ವಿಧಾನವನ್ನು ವಿನ್ಯಾಸಕಾರರು ಅನುಸರಿಸಿದರು. ಇದರ ಫಲವಾಗಿ ಪ್ರತಿ ಆಸನಗುಂಪಿನ ಅಡಿಯಲ್ಲೂ ಸಂಕೇತಗಳನ್ನು ಬೇರ್ಪಡಿಸುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದು ಕುಳಿತಿತು. ಇಂದಿಗೂ ಪ್ರಯಾಣಿಕರ ಕಾಲಿಗೆ ತಾಗಿ ಬೇಸರ ತರುವ ಪೆಟ್ಟಿಗೆಯ ಪೂರ್ವಜ ಅದೇ.

ಮುಂದಿನ ಬೆಳವಣಿಗೆಯನ್ನು ಗ್ರಹಿಸಲು ವಿಮಾನದ ವಿದ್ಯುತ್ತಿನ ಸ್ವರೂಪವನ್ನು ಸ್ವಲ್ಪಮಟ್ಟಿಗೆ ತಿಳಿಯುವುದು ಅವಶ್ಯಕ. ದೊಡ್ಡ ಜೆಟ್ ವಿಮಾನಗಳಲ್ಲಿ ಎಂಜಿನ್ನಿಗೆ ಜೋಡಿಸಿದ ಜನರೇಟರುಗಳು 115 ವೋಲ್ಟಿನ, 400 ಹರ್ಟ್ಸ್ ಆವರ್ತನದ ಮೂರು ಫೇಸ್ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುತ್ತವೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು, ಮೋಟಾರುಗಳಿಗೆ ಬೇಕಾದ ಕಬ್ಬಿಣದ ಪ್ರಮಾಣ ಕಡಿಮೆಯಾಗುವುದರಿಂದ, ಪ್ರತಿ ಕಿಲೋಗ್ರಾಮಿಗೂ ಲೆಕ್ಕವಿಡುವ ವಿಮಾನ ತಯಾರಕರು 400 ಹರ್ಟ್ಸನ್ನು ಆರಿಸಿಕೊಂಡರು. ಈ ವಿದ್ಯುತ್ತು ವಿಮಾನದ ವಿವಿಧ ಭಾಗಗಳಿಗೆ ಹಂಚಿಕೆಯಾಗುವುದು ‘ಬಸ್’ ಎಂಬ ವಿತರಣಾ ಪಟ್ಟಿಗಳ ಮೂಲಕ. ರಸ್ತೆಯ ವಾಹನಕ್ಕೂ ಈ ಪದಕ್ಕೂ ಲ್ಯಾಟಿನ್ ಮೂಲ ಒಂದೇ ಆದರೂ ಇಲ್ಲಿ ಅದರ ಅರ್ಥ ಹಲವು ಶಾಖೆಗಳು ಕವಲೊಡೆಯುವ ಕಾಂಡವೆಂದಷ್ಟೆ. ಹಾರಾಟಕ್ಕೆ ಅನಿವಾರ್ಯವಾದ ಉಪಕರಣಗಳು ಕೆಲವು ಬಸ್ಸುಗಳಿಗೂ, ಅಡುಗೆಕೋಣೆಯ ಒಲೆ, ಪ್ರಯಾಣಿಕರ ದೀಪಗಳಂತಹವು ಬೇರೆ ಬಸ್ಸುಗಳಿಗೂ ಜೋಡಣೆಯಾಗಿರುತ್ತವೆ. ತುರ್ತು ಪರಿಸ್ಥಿತಿಯಲ್ಲಿ ಎರಡನೆಯ ಗುಂಪನ್ನು ಒಂದೇ ಸ್ವಿಚ್ಚಿನಿಂದ ಕಡಿದುಹಾಕಬಹುದು. ಆಸನದ ವಿದ್ಯುತ್ ವಿನ್ಯಾಸದ ಮೂಲಭೂತ ಪ್ರಶ್ನೆ ಯಾವುದೆಂದರೆ, ಆಸನವನ್ನು ಯಾವ ಬಸ್ಸಿಗೆ ಜೋಡಿಸಬೇಕು ಎಂಬುದು. ಮೇಲ್ನೋಟಕ್ಕೆ ಗುಮಾಸ್ತನ ಲೆಕ್ಕದಂತೆ ತೋರುವ ಈ ಪ್ರಶ್ನೆಯ ಮಹತ್ವ ಬಹುಕಾಲ ಯಾರ ಗಮನಕ್ಕೂ ಬಂದಂತಿಲ್ಲ.

ಆಸನದ ತಂತಿಗೆ ಇನ್ನೂ ಕೆಲವು ವಿಶಿಷ್ಟ ಕಷ್ಟಗಳುಂಟು. ರೆಕ್ಕೆಯೊಳಗಿನ ಅಥವಾ ಚಾಲಕಕೋಣೆಯ ತಂತಿಯನ್ನು ಒಮ್ಮೆ ಹಾಸಿದರೆ ಅದನ್ನು ಪದೇ ಪದೇ ಮುಟ್ಟುವ ಪ್ರಮೇಯ ಬಾರದು. ಆಸನವಾದರೋ ನೆಲದ ಹಳಿಗಳ ಮೇಲೆ ಕುಳಿತಿರುತ್ತದೆ. ಸಂಸ್ಥೆಯ ವ್ಯಾಪಾರಕ್ಕೆ ತಕ್ಕಂತೆ ಸಾಲುಗಳನ್ನು ಮುಂದಕ್ಕೆ ಹಿಂದಕ್ಕೆ ಸರಿಸಲಾಗುತ್ತದೆ. ತಂತಿಯು ಒಂದು ಸಾಲಿನಿಂದ ಮುಂದಿನ ಸಾಲಿಗೆ ಸರಪಳಿಯಂತೆ ಸಾಗುವುದರಿಂದ, ನಡುವಿನ ಒಂದು ಜೋಡಣೆ ಸಡಿಲವಾದರೂ ಹಿಂದಿನ ಸಾಲುಗಳೆಲ್ಲ ತೊಂದರೆಗೀಡಾಗುತ್ತವೆ. ಪ್ರಯಾಣಿಕರ ಪಾದ, ಚೀಲ, ಚೆಲ್ಲಿದ ಕಾಫಿ, ನೆಲಹಾಸಿನ ಧೂಳು, ಶುಚಿಗೊಳಿಸುವವರ ಅವಸರ, ಇವೆಲ್ಲವನ್ನೂ ಆ ತಂತಿ ಸಹಿಸಿಕೊಳ್ಳಬೇಕು. ಇದರ ಜೊತೆಗೆ 1988ರಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಹೊಸ ಮಾದರಿಯ ವಿಮಾನಗಳ ಆಸನಗಳು ಗುರುತ್ವಬಲದ 16 ಪಟ್ಟು ಆಘಾತವನ್ನು ತಾಳಬೇಕೆಂಬ ನಿಯಮವನ್ನು ವಿಧಿಸಿತು. ಪ್ರಯಾಣಿಕನ ತಲೆ ಮುಂದಿನ ಆಸನಕ್ಕೆ ಬಡಿದಾಗ ಆಗುವ ಪೆಟ್ಟಿಗೂ ಮಿತಿಯನ್ನು ಗೊತ್ತುಪಡಿಸಲಾಯಿತು. ಇದರಿಂದಾಗಿ ಆಸನದ ಬೆನ್ನಿಗೆ ಅಳವಡಿಸುವ ಪ್ರತಿಯೊಂದು ಗಾಜಿನ ಪರದೆಯೂ ಪೆಟ್ಟಿಗೆಯೂ ಕೇವಲ ವಿದ್ಯುತ್ ಶಾಸ್ತ್ರದ ವಿಷಯವಾಗಿ ಉಳಿಯದೆ ದೇಹರಕ್ಷಣೆಯ ವಿಷಯವೂ ಆಯಿತು.

ಅದೇ 1988ರಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ 747 ವಿಮಾನದಲ್ಲಿ 2.7 ಅಂಗುಲದ ದ್ರವಸ್ಫಟಿಕ ಪರದೆಗಳನ್ನು ಆಸನದ ಬೆನ್ನಿಗೆ ಜೋಡಿಸಿ ನೋಡಲಾಯಿತು. ಪ್ರಯೋಗವು ಜನಪ್ರಿಯವಾದದ್ದೇ ತಡ, ಸಂಸ್ಥೆಗಳ ನಡುವೆ ಪೈಪೋಟಿ ತಲೆದೋರಿತು. 1990ರ ದಶಕದ ನಡುಭಾಗದಲ್ಲಿ ಮಡಿಲ ಕಂಪ್ಯೂಟರನ್ನು ನಡೆಸಲು 15 ವೋಲ್ಟಿನ ನೇರ ವಿದ್ಯುತ್ತಿನ ಕಿಂಡಿಗಳು ಆಸನಗಳಲ್ಲಿ ಕಾಣಿಸಿಕೊಂಡವು. ಅದೇ ವೇಳೆಗೆ ಮೋಟಾರುಗಳಿಂದ ಹಾಸಿಗೆಯಾಗಿ ಚಾಚಿಕೊಳ್ಳುವ ಪ್ರಥಮ ದರ್ಜೆಯ ಆಸನಗಳೂ ಬಂದವು. ಇವುಗಳಲ್ಲಿ ವಿದ್ಯುತ್ತು ಕೈಕೊಟ್ಟರೂ ಇಳಿಯುವ ಮುನ್ನ ಆಸನವನ್ನು ಕೈಯಿಂದಲೇ ನೆಟ್ಟಗೆ ನಿಲ್ಲಿಸುವ ಏರ್ಪಾಡು ಕಡ್ಡಾಯವಾಗಿತ್ತು.

ಸ್ವಿಟ್ಜರ್‌ಲೆಂಡಿನ ಸ್ವಿಸ್ಏರ್ ಸಂಸ್ಥೆ ಈ ಪೈಪೋಟಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಬಯಸಿತು. ಅದು ಆರಿಸಿಕೊಂಡ ಮನರಂಜನಾ ಜಾಲದಲ್ಲಿ ಪ್ರಯಾಣಿಕನು ಬೆರಳಿನಿಂದ ಪರದೆಯನ್ನು ಮುಟ್ಟಿ ತನಗೆ ಬೇಕಾದ ಚಿತ್ರವನ್ನು ಬೇಕಾದಾಗ ನೋಡಬಹುದಿತ್ತು, ಆಟವಾಡಬಹುದಿತ್ತು, ಜೂಜನ್ನೂ ಆಡಬಹುದಿತ್ತು. ಇಂಟರಾಕ್ಟಿವ್ ಫ್ಲೈಟ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿ ಇದನ್ನು ತಯಾರಿಸಿತು. ವಿಮಾನದೊಳಕ್ಕೆ ಜೋಡಿಸುವ ಹೊಣೆ ಹಾಲಿಂಗ್ಸೀಡ್ ಇಂಟರ್‌ನ್ಯಾಷನಲ್ ಎಂಬ ಇನ್ನೊಂದು ಕಂಪನಿಯದು. ಜೋಡಣೆ ಸುರಕ್ಷಿತವೆಂದು ಪ್ರಮಾಣೀಕರಿಸುವ ಕೆಲಸವನ್ನು ಸಾಂತಾ ಬಾರ್ಬರಾ ಏರೋಸ್ಪೇಸ್ ಎಂಬ ಮೂರನೆಯ ಕಂಪನಿ ಫೆಡರಲ್ ವಿಮಾನಯಾನ ಆಡಳಿತದಿಂದ ಪಡೆದ ಅಧಿಕಾರದ ಮೇಲೆ ನಿರ್ವಹಿಸಿತು. ವಿಮಾನವನ್ನು ತಯಾರಿಸಿದ ಮೆಕ್‌ಡೊನೆಲ್ ಡಗ್ಲಾಸ್ ಈ ಸಾಲಿನಲ್ಲಿ ಇಲ್ಲದಿರುವುದು ಗಮನಾರ್ಹ. ತಯಾರಾದ ವಿಮಾನಕ್ಕೆ ಅನಂತರ ಮಾಡುವ ಮಾರ್ಪಾಡುಗಳಿಗೆ ‘ಪೂರಕ ಮಾದರಿ ಪ್ರಮಾಣಪತ್ರ’ ನೀಡುವ ಪದ್ಧತಿಯಲ್ಲಿ ಇದು ಸಾಮಾನ್ಯ ಸಂಗತಿಯೇ ಆಗಿತ್ತು.

ಮೊದಲ ಯೋಜನೆಯಂತೆ ಎಂ.ಡಿ.-11 ವಿಮಾನದ 257 ಆಸನಗಳಿಗೂ ಈ ಜಾಲ ವಿಸ್ತರಿಸಬೇಕಾಗಿತ್ತು. ಅಷ್ಟು ಆಸನಗಳಿಗೆ ಬೇಕಾದ ವಿದ್ಯುತ್ತು ಪ್ರಯಾಣಿಕರ ಸಲಕರಣೆಗಳಿಗೆಂದೇ ಮೀಸಲಾದ ‘ಕ್ಯಾಬಿನ್ ಬಸ್’ನಿಂದ ದೊರೆಯುವಂತಿರಲಿಲ್ಲ. ಆದ್ದರಿಂದ ಜಾಲವನ್ನು ವಿಮಾನದ ಮುಖ್ಯ ವಿತರಣಾ ಪಟ್ಟಿಗಳಲ್ಲೊಂದಾದ ಎ.ಸಿ. ಬಸ್ 2ಕ್ಕೆ ಜೋಡಿಸಲಾಯಿತು. ಅಲ್ಲಿಂದ ಬಂದ 115 ವೋಲ್ಟಿನ ವಿದ್ಯುತ್ತನ್ನು ಪರಿವರ್ತಕ ಪೆಟ್ಟಿಗೆಗಳು 48 ವೋಲ್ಟಿನ ನೇರ ವಿದ್ಯುತ್ತಾಗಿಸಿ ಆಸನಗಳಿಗೆ ಒದಗಿಸುತ್ತಿದ್ದವು. ಮುಂದೆ ಖರ್ಚಿನ ಕಾರಣದಿಂದಲೋ ಮತ್ತಾವ ಕಾರಣದಿಂದಲೋ ಯೋಜನೆ ಮೊಟಕಾಗಿ, ಪ್ರಥಮ ಮತ್ತು ವ್ಯಾಪಾರಿ ದರ್ಜೆಗಳ 61 ಆಸನಗಳಿಗಷ್ಟೇ ಜಾಲ ಸೀಮಿತವಾಯಿತು. ಬೇಡಿಕೆ ಇಷ್ಟು ಇಳಿದ ಮೇಲೆ ಬಸ್ಸಿನ ಆಯ್ಕೆಯನ್ನು ಪುನಃ ಪರಿಶೀಲಿಸಬಹುದಾಗಿತ್ತು. ಆ ಪರಿಶೀಲನೆ ನಡೆಯಲಿಲ್ಲ. ಫಲವಾಗಿ, ಚಾಲಕನು ಕ್ಯಾಬಿನ್ ಬಸ್ಸಿನ ಸ್ವಿಚ್ಚನ್ನು ಆರಿಸಿದರೂ ಮನರಂಜನಾ ಜಾಲಕ್ಕೆ ವಿದ್ಯುತ್ತು ಹರಿಯುತ್ತಲೇ ಇರುವ ವ್ಯವಸ್ಥೆಯೊಂದು ನಿರ್ಮಾಣವಾಯಿತು. ವಿಪರ್ಯಾಸವೆಂದರೆ, ಹೊಗೆಯ ಮೂಲ ತಿಳಿಯದಿದ್ದಾಗ ಚಾಲಕರು ಅನುಸರಿಸಬೇಕಾದ ಪಟ್ಟಿಯ ಮೊದಲ ಸೂಚನೆಯೇ ಆ ಸ್ವಿಚ್ಚನ್ನು ಆರಿಸುವುದಾಗಿತ್ತು.

1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನ ಸ್ಥಳೀಯ ಕಾಲಮಾನ ರಾತ್ರಿ 8.18ಕ್ಕೆ ಸ್ವಿಸ್ಏರ್ 111 ಜಿನೀವಾದ ಕಡೆಗೆ ಹೊರಟಿತು. ಅದರಲ್ಲಿ 215 ಪ್ರಯಾಣಿಕರೂ 14 ಮಂದಿ ಸಿಬ್ಬಂದಿಯೂ ಇದ್ದರು. ಸುಮಾರು 52 ನಿಮಿಷಗಳ ನಂತರ, 33,000 ಅಡಿ ಎತ್ತರದಲ್ಲಿ, ಚಾಲಕರಿಗೆ ಅಸಹಜವಾದ ವಾಸನೆ ಬಂತು. ನಾಲ್ಕು ನಿಮಿಷಗಳ ತರುವಾಯ ಅವರು ಹೊಗೆಯ ವಿಚಾರವನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸಿ, ಕೆನಡಾದ ಹ್ಯಾಲಿಫ್ಯಾಕ್ಸ್ ನಿಲ್ದಾಣದ ಕಡೆಗೆ ತಿರುಗಿದರು. ಪಟ್ಟಿಯ ಸೂಚನೆಯಂತೆ ಕ್ಯಾಬಿನ್ ಬಸ್ಸನ್ನು ಆರಿಸಿದಾಗ ಗಾಳಿಯನ್ನು ಮರುಚಲಿಸುವ ಪಂಖಗಳು ನಿಂತವು. ಅದುವರೆಗೆ ಮೇಲ್ಚಾವಣಿಯೊಳಗೆ ಹಿಂದಕ್ಕೆ ಸಾಗುತ್ತಿದ್ದ ಗಾಳಿ ದಿಕ್ಕು ಬದಲಿಸಿ ಚಾಲಕಕೋಣೆಯ ಕಡೆಗೆ ಹರಿಯತೊಡಗಿತು. ಬೆಂಕಿಯೂ ಅದನ್ನು ಹಿಂಬಾಲಿಸಿತು. ಅಲ್ಲಿಯ ಕಾಲಮಾನ ರಾತ್ರಿ 10.31ಕ್ಕೆ ವಿಮಾನವು ನೋವಾ ಸ್ಕೋಷಿಯಾದ ಪೆಗ್ಗೀಸ್ ಕೋವ್ ಸಮೀಪದ ಸಮುದ್ರಕ್ಕೆ ಅಪ್ಪಳಿಸಿತು. 229 ಜನರಲ್ಲಿ ಯಾರೂ ಉಳಿಯಲಿಲ್ಲ. ಚಾಲಕರು ನೇರವಾಗಿ ನಿಲ್ದಾಣಕ್ಕೆ ಧಾವಿಸದೆ ಇಂಧನ ಸುರಿಯಲು ಹೊರಟದ್ದೇ ತಪ್ಪೆಂಬ ಮಾತು ಆಗ ಕೇಳಿಬಂದಿತ್ತು. ಬೆಂಕಿ ಹಬ್ಬಿದ ವೇಗವನ್ನು ಲೆಕ್ಕಹಾಕಿದ ತನಿಖೆಯು, ಅವರು ಏನೇ ಮಾಡಿದ್ದರೂ ಸುರಕ್ಷಿತವಾಗಿ ಇಳಿಯುವುದು ಸಾಧ್ಯವಿರಲಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಮೃತ ಚಾಲಕರ ಬಗೆಗೆ ನ್ಯಾಯ ಸಲ್ಲಿಸಿದ ಈ ನಿರ್ಣಯವನ್ನು ದುರಂತದ ಕಥೆ ಹೇಳುವವರು ಹಲವು ಬಾರಿ ಮರೆಯುತ್ತಾರೆ.

ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆ ನಾಲ್ಕೂವರೆ ವರ್ಷ ಹಿಡಿಯಿತು. ಸುಮಾರು 55 ಮೀಟರ್ ಆಳದ ಸಮುದ್ರತಳದಿಂದ ಮುಳುಗುಗಾರರು, ಹಡಗುಗಳು, ಕೊನೆಗೆ ಹೂಳೆತ್ತುವ ನೌಕೆಯನ್ನೂ ಬಳಸಿ ವಿಮಾನದ ತೂಕದ ಶೇಕಡಾ 98ರಷ್ಟನ್ನು ಮೇಲೆತ್ತಲಾಯಿತು. ಮುಂಭಾಗದ ಸುಮಾರು ಹತ್ತು ಮೀಟರುಗಳನ್ನು ಚೂರು ಚೂರಾಗಿ ಮತ್ತೆ ಜೋಡಿಸಲಾಯಿತು. ಇಡೀ ವಿಮಾನದಲ್ಲಿದ್ದ ತಂತಿಯ ಉದ್ದ ಸುಮಾರು 250 ಕಿಲೋಮೀಟರು; ಅದರ ತುಂಡುಗಳಲ್ಲಿ ತಾಮ್ರ ಕರಗಿ ಗಟ್ಟಿಯಾದ ಸಣ್ಣ ಮಣಿಗಳನ್ನು ಸೂಕ್ಷ್ಮದರ್ಶಕದಡಿ ಹುಡುಕಬೇಕಾಗಿತ್ತು. ಹಾಗೆ ದೊರೆತ ಮುಖ್ಯ ಕುರುಹುಗಳಲ್ಲಿ ಒಂದು ಮನರಂಜನಾ ಜಾಲದ ಪರಿವರ್ತಕಕ್ಕೆ ಹೋಗುವ ತಂತಿಯ ಮೇಲಿತ್ತು. ಚಾಲಕಕೋಣೆಯ ಹಿಂಗೋಡೆಗೆ ತಾಗಿದಂತೆ, ಬಲಬದಿಯ ಮೇಲ್ಚಾವಣಿಯಲ್ಲಿ, ಬೆಂಕಿ ಹುಟ್ಟಿದ ಜಾಗದಲ್ಲೇ ಆ ತುಂಡು ಇದ್ದಿರಬೇಕೆಂದು ನಿಷ್ಕರ್ಷೆಯಾಯಿತು. ಆದರೆ ಅದೇ ಮೊದಲ ಕಿಡಿಯೆಂದು ಮಂಡಳಿ ಘೋಷಿಸಲಿಲ್ಲ. ಕನಿಷ್ಠ ಇನ್ನೊಂದು ತಂತಿಯೂ ಭಾಗಿಯಾಗಿತ್ತು, ಅದು ಯಾವುದೆಂಬುದು ಗೊತ್ತಾಗಲಿಲ್ಲ. ಇಷ್ಟು ಎಚ್ಚರದ ಮಾತನ್ನಾಡಿದ ವರದಿ 2003ರ ಮಾರ್ಚ್ 27ರಂದು ಪ್ರಕಟವಾಯಿತು. ಆ ವೇಳೆಗೆ ಸ್ವಿಸ್ಏರ್ ಸಂಸ್ಥೆಯೇ ಅಸ್ತಿತ್ವದಲ್ಲಿರಲಿಲ್ಲ.

ವರದಿಯ ವಿದ್ಯುತ್ ಸಂಬಂಧಿ ನಿರ್ಣಯಗಳು ಎರಡು ಹಳೆಯ ನಂಬಿಕೆಗಳನ್ನು ಅಲುಗಾಡಿಸಿದವು. ಮೊದಲನೆಯದು ಸರ್ಕ್ಯೂಟ್ ಬ್ರೇಕರಿನ ಮೇಲಿನ ಭರವಸೆ. ಮಿತಿಮೀರಿದ ಪ್ರವಾಹ ಕೆಲಕಾಲ ಹರಿದಾಗ ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕವನ್ನು ಕಡಿಯುತ್ತದೆ. ಆದರೆ ಹೊದಿಕೆ ಸವೆದ ತಂತಿಯಿಂದ ಬಿಟ್ಟು ಬಿಟ್ಟು ಹಾರುವ ಕಿಡಿಯ, ಅಂದರೆ ವಿದ್ಯುತ್ ಚಾಪದ, ಸರಾಸರಿ ಪ್ರವಾಹ ಅಷ್ಟು ದೊಡ್ಡದಲ್ಲ. ಸಾವಿರಾರು ಡಿಗ್ರಿ ಶಾಖವನ್ನು ಚುಕ್ಕೆಯಷ್ಟು ಜಾಗದಲ್ಲಿ ಹೊಮ್ಮಿಸುವ ಆ ಕಿಡಿಯನ್ನು ಬ್ರೇಕರು ಕಾಣಲಾರದು. ಮನೆಯ ಫ್ಯೂಸು ಸುಡದೆಯೇ ಸ್ವಿಚ್ಚಿನ ಪೆಟ್ಟಿಗೆ ಕರಕಲಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಎರಡನೆಯದು, ಬೆಂಕಿ ಹಬ್ಬದ ವಸ್ತುಗಳ ಮೇಲಿನ ಭರವಸೆ. ಶಾಖ ಮತ್ತು ಸದ್ದನ್ನು ತಡೆಯಲು ವಿಮಾನದ ಒಳಮೈಗೆ ಹೊದಿಸಿದ್ದ ಲೋಹಲೇಪಿತ ಪ್ಲಾಸ್ಟಿಕ್ ಹಾಳೆ ಅಂದಿನ ಜ್ವಾಲಾಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಂಥದು. ನಿಜದ ಕಿಡಿಗೆ ಅದು ಹೊತ್ತಿಕೊಂಡು ಬೆಂಕಿಯನ್ನು ಹರಡಿತು. ಇವೆರಡರ ಜೊತೆಗೆ, ಜಾಲದ ಪ್ರಮಾಣೀಕರಣದಲ್ಲಿ ತೊಡಗಿದ್ದ ವ್ಯವಸ್ಥೆಯು ಎಂ.ಡಿ.-11ರ ತುರ್ತು ವಿದ್ಯುತ್ ಕ್ರಮಗಳಿಗೆ ಹೊಂದುವ ವಿನ್ಯಾಸವನ್ನು ಖಾತರಿಪಡಿಸಲಿಲ್ಲವೆಂದು ಮಂಡಳಿ ದಾಖಲಿಸಿತು. ಯಾರೋ ಒಬ್ಬ ಎಂಜಿನಿಯರನ ಅಜ್ಞಾನವೆಂದು ಇದನ್ನು ತಳ್ಳಿಹಾಕುವುದು ಸರಿಯಾಗಲಾರದು. ಆಸನದ ಪರದೆ ಒಬ್ಬರ ಪಾಲಿಗೆ, ಅದರ ತಂತಿ ಇನ್ನೊಬ್ಬರ ಪಾಲಿಗೆ, ಪ್ರಮಾಣಪತ್ರ ಮತ್ತೊಬ್ಬರ ಪಾಲಿಗೆ ಬಂದು, ಬಸ್ಸಿನ ಪ್ರಶ್ನೆ ಯಾರ ಪಾಲಿಗೂ ಬರದೆ ಹೋದದ್ದೇ ಇಲ್ಲಿಯ ಮೂಲ ದೋಷ.

ವರದಿಗೆ ಕಾಯದೆಯೇ ಕೆಲವು ಕ್ರಮಗಳು ಜರುಗಿದ್ದವು. 1998ರ ಅಕ್ಟೋಬರಿನಲ್ಲೇ ಸ್ವಿಸ್ಏರ್ ತನ್ನ ವಿಮಾನಗಳ ಮನರಂಜನಾ ಜಾಲವನ್ನು ಸ್ಥಗಿತಗೊಳಿಸಿತು. 1999ರಲ್ಲಿ ಫೆಡರಲ್ ವಿಮಾನಯಾನ ಆಡಳಿತ ಆ ಜಾಲದ ಬಳಕೆಯನ್ನು ನಿಷೇಧಿಸಿತು. 2000ದಲ್ಲಿ ಅದು ಲೋಹಲೇಪಿತ ಹೊದಿಕೆಗಳನ್ನು ತೆಗೆದುಹಾಕುವಂತೆ ಆದೇಶಿಸಿತು. ಅದೇ ವರ್ಷ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮನರಂಜನಾ ವ್ಯವಸ್ಥೆಯ ವಿದ್ಯುತ್ತನ್ನು ಸಿಬ್ಬಂದಿ ಸುಲಭವಾಗಿ ಆರಿಸುವ ಸ್ವಿಚ್ಚು ಇರಲೇಬೇಕೆಂದೂ, ಸರ್ಕ್ಯೂಟ್ ಬ್ರೇಕರನ್ನು ಎಳೆಯುವುದು ಅದಕ್ಕೆ ಬದಲಾಗದೆಂದೂ ತಿಳಿಸಿತು. 2003ರಲ್ಲಿ ಹೊದಿಕೆಗಳಿಗೆ ಹೆಚ್ಚು ಕಠಿಣವಾದ ಜ್ವಾಲಾಪರೀಕ್ಷೆ ಜಾರಿಗೆ ಬಂತು. 1996ರಲ್ಲಿ ಇಂಧನತೊಟ್ಟಿ ಸ್ಫೋಟಿಸಿ ನಾಶವಾದ ಟಿ.ಡಬ್ಲ್ಯೂ.ಎ. 800 ವಿಮಾನದ ತನಿಖೆಯೂ ಹಳೆಯ ತಂತಿಗಳತ್ತ ಬೆರಳು ತೋರಿಸಿತ್ತು. ಈ ಎರಡು ಪ್ರಕರಣಗಳ ಒತ್ತಡದಿಂದ 2007ರಲ್ಲಿ, ವಿಮಾನದ ತಂತಿಜಾಲವನ್ನು ಬಿಡಿ ಉಪಕರಣಗಳ ಬಾಲವೆಂದು ಕಾಣದೆ ತನ್ನಷ್ಟಕ್ಕೆ ತಾನೇ ಒಂದು ವ್ಯವಸ್ಥೆಯೆಂದು ಪರಿಗಣಿಸುವ ಪ್ರತ್ಯೇಕ ನಿಯಮಾವಳಿ ರೂಪುಗೊಂಡಿತು. ತಂತಿಗಳ ನಡುವಿನ ಅಂತರ, ಗುರುತಿನ ಚೀಟಿ, ತಲುಪಿ ಪರೀಕ್ಷಿಸುವ ಅನುಕೂಲ ಮುಂತಾದವೆಲ್ಲ ಅದರಲ್ಲಿ ಸೇರಿದವು. ಆಸನದ ಅಡಿಯ ತಂತಿಗೂ ಅದೇ ಮರ್ಯಾದೆ ದೊರೆಯಿತು. ಏರ್‌ಬಸ್ ಮತ್ತು ಬೋಯಿಂಗ್ ಸಂಸ್ಥೆಗಳೆರಡೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳನ್ನು ಹೊಂದಿರುವುದರಿಂದ ಈ ನಿಯಮಾವಳಿ ಕನ್ನಡ ನಾಡಿನ ಯುವ ವಿನ್ಯಾಸಕಾರರಿಗೂ ಅಪರಿಚಿತವಲ್ಲ.

ಆಸನದ ವಿದ್ಯುತ್ ವಿನ್ಯಾಸವೂ ಈ ಅವಧಿಯಲ್ಲಿ ಹೆಚ್ಚು ಜಾಣತನವನ್ನು ರೂಢಿಸಿಕೊಂಡಿತು. 15 ವೋಲ್ಟಿನ ಕಿಂಡಿಯ ಜಾಗದಲ್ಲಿ 110 ವೋಲ್ಟಿನ ಕಿಂಡಿ ಬಂದಾಗ, ಮಗುವೊಂದು ಪಿನ್ನನ್ನು ತೂರಿಸಿದರೆ ಗತಿಯೇನೆಂಬ ಪ್ರಶ್ನೆ ಎದ್ದಿತು. ಪ್ಲಗ್ಗಿನ ಎರಡೂ ಕಾಲುಗಳು ಒಟ್ಟಿಗೆ ಒಳಹೊಕ್ಕಾಗ ಮಾತ್ರ ಜೀವ ಪಡೆಯುವ ಕಿಂಡಿಗಳು ಅದಕ್ಕೆ ಉತ್ತರವಾದವು. ಎಲ್ಲ ಪ್ರಯಾಣಿಕರೂ ಏಕಕಾಲಕ್ಕೆ ಕಂಪ್ಯೂಟರ್ ತೆರೆದರೆ ಜನರೇಟರಿನ ಮೇಲೆ ಬೀಳುವ ಹೊರೆಯನ್ನು ಒಂದು ಪ್ರಧಾನ ನಿಯಂತ್ರಕ ಪೆಟ್ಟಿಗೆ ಅಳೆಯುತ್ತದೆ. ಮಿತಿ ತಲುಪಿದ ಮೇಲೆ ಹೊಸದಾಗಿ ಬಂದವರಿಗೆ ವಿದ್ಯುತ್ತನ್ನು ನಿರಾಕರಿಸುತ್ತದೆ. ತನ್ನ ಕಿಂಡಿ ಕೆಟ್ಟಿದೆಯೆಂದು ಗೊಣಗುವ ಪ್ರಯಾಣಿಕನಿಗೆ, ವ್ಯವಸ್ಥೆ ಸರಿಯಾಗಿರುವುದರಿಂದಲೇ ಅದು ಸತ್ತಿದೆಯೆಂಬುದು ಹೊಳೆಯಲಿಕ್ಕಿಲ್ಲ.

ತಂತಿಯನ್ನೇ ತೊರೆಯುವ ಪ್ರಯತ್ನಗಳೂ ನಡೆದವು. ಬೋಯಿಂಗ್ 787ರ ಆಸನಗಳಿಗೆ ಚಿತ್ರ-ಧ್ವನಿಗಳನ್ನು ನಿಸ್ತಂತುವಾಗಿ ಕಳುಹಿಸಬೇಕೆಂದು ಮೊದಲು ಉದ್ದೇಶಿಸಲಾಗಿತ್ತು. 2007ರ ಜನವರಿಯಲ್ಲಿ ಆ ಯೋಜನೆಯನ್ನು ಕೈಬಿಟ್ಟು ಮತ್ತೆ ತಂತಿಗೆ ಮರಳಲಾಯಿತು. ಹತ್ತು ವರ್ಷಗಳ ಬಳಿಕ, 2017ರ ಜನವರಿಯಲ್ಲಿ, ಅಮೆರಿಕನ್ ಏರ್‌ಲೈನ್ಸ್ ತನ್ನ ಹೊಸ 737 ಮ್ಯಾಕ್ಸ್ ವಿಮಾನಗಳಲ್ಲಿ ಆಸನದ ಪರದೆಗಳು ಇರುವುದಿಲ್ಲವೆಂದು ಪ್ರಕಟಿಸಿತು. ಪ್ರಯಾಣಿಕರ ಕೈಯಲ್ಲಿರುವ ಫೋನುಗಳೇ ಪರದೆಗಳಾಗುವ ಕಾಲ ಬಂದಿತ್ತು. ಪರದೆ ಹೋದರೂ ಆ ಫೋನುಗಳಿಗೆ ವಿದ್ಯುತ್ತು ತುಂಬುವ ಕಿಂಡಿಯನ್ನು ಮಾತ್ರ ಪ್ರತಿ ಆಸನದಲ್ಲೂ ಉಳಿಸಿಕೊಳ್ಳಲಾಯಿತು. ಆ ಕಿಂಡಿಯ ಹಿಂದೆ ತಂತಿಯಿದೆ, ತಂತಿಯ ಹಿಂದೆ ಪರಿವರ್ತಕವಿದೆ. ಅದೆಲ್ಲವನ್ನೂ ಒಮ್ಮೆಗೇ ಆರಿಸುವ ಸ್ವಿಚ್ಚು ಈಗ ಸಿಬ್ಬಂದಿಯ ಕೈಗೆಟಕುವಲ್ಲಿರುತ್ತದೆ.